ಕೊಕ್ಕೆಸೂಜಿಯ ಪಾಠ

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತನಾದ ನಾನು, 68ನೆಯ ವಯಸ್ಸಿನಲ್ಲಿ ಮರಳಿ ವಿದ್ಯಾರ್ಥಿಯಾದ ಪ್ರಸಂಗವನ್ನು ವಾಚಕರಲ್ಲಿ ನಿವೇದಿಸಬಯಸುತ್ತೇನೆ. ಕಲಿತ ವಿದ್ಯೆ ಕ್ರೋಶಾ ಹೆಣಿಕೆ. ಗುರು ನನ್ನ ಧರ್ಮಪತ್ನಿ.

ಮೊಮ್ಮಗಳ ಮದುವೆಗೆಂದು ಆಕೆ ಬಿಳಿ ನೂಲಿನ ಮೇಜುವಸ್ತ್ರವೊಂದನ್ನು ಆರಂಭಿಸಿದ್ದಳು. ಅದು ಅರ್ಧವಾಗುವಷ್ಟರಲ್ಲಿ ಗ್ಲಾಕೋಮಾ ಎಂಬ ನೇತ್ರವ್ಯಾಧಿಯಿಂದ ದೃಷ್ಟಿ ಬಹುಮಟ್ಟಿಗೆ ಕುಂದಿತು. ಹೋದ ದೃಷ್ಟಿ ಮರಳದೆಂದು ವೈದ್ಯರು ಹೇಳಿದ ದಿನ ಆಕೆ ಅಳಲಿಲ್ಲ. ನೂಲಿನ ಉಂಡೆಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದಳು. ಆ ಸದ್ದು ನನ್ನನ್ನು ಬಹಳ ದಿನ ಕಾಡಿತು. ಒಂದು ಸಂಜೆ ಪೆಟ್ಟಿಗೆಯನ್ನು ತೆರೆದು, “ನನಗ ಕಲಸು, ನಾ ಮುಗಸ್ತೀನಿ” ಎಂದೆ.

ಸರಪಳಿ, ಗಿಡ್ಡ ಹೆಣಿಕೆ, ಕಂಬ ಇವಿಷ್ಟನ್ನು ಕಲಿಯುವುದಕ್ಕೇ ಒಂದು ತಿಂಗಳಾಯಿತು. ಅನಂತರ ಬಂದವು ಇವುಗಳ ಜೋಡಣೆಯಿಂದ ಮೂಡುವ ಅಲಂಕಾರದ ಹೆಣಿಕೆಗಳು. ಒಂದೇ ಕುಣಿಕೆಯಲ್ಲಿ ಐದು ಕಂಬಗಳನ್ನು ಹೆಣೆದರೆ ಬೀಸಣಿಗೆಯಂತೆ ಹರಡಿ ‘ಚಿಪ್ಪು’ ಆಗುತ್ತದೆ. ಪ್ರತಿ ಕಂಬದ ಕೊನೆಯ ಎಳೆತವನ್ನು ಬಾಕಿ ಉಳಿಸಿ, ಕಡೆಗೆ ಎಲ್ಲ ಕುಣಿಕೆಗಳನ್ನೂ ಒಮ್ಮೆಲೇ ಬಿಗಿದರೆ ‘ಗೊಂಚಲು’. ಐದೂ ಕಂಬಗಳನ್ನು ಪೂರ್ಣಗೊಳಿಸಿ, ಸೂಜಿಯನ್ನು ಹೊರತೆಗೆದು ಮೊದಲ ಕಂಬದ ತಲೆಯೊಳಗೆ ತೂರಿಸಿ, ಬಿಟ್ಟ ಕುಣಿಕೆಯನ್ನು ಅದರ ಮೂಲಕ ಎಳೆದರೆ ಜೋಳದ ಅರಳಿನಂತೆ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಆಕೆ ಇಟ್ಟ ಹೆಸರೂ ‘ಅರಳು’. ನೂಲು ಅದೇ, ಕಂಬವೂ ಅದೇ. ಎಲ್ಲಿ ತೊಡಗಿ ಎಲ್ಲಿ ಮುಗಿಸಿದೆವೆಂಬುದರಿಂದಲೇ ರೂಪ ಬೇರೆ.

ಚಿಪ್ಪಿನ ಸಾಲಿಗೆ ಎಷ್ಟು ಕುಣಿಕೆ ಬೇಕೆಂದು ಕೇಳಿದಾಗ, “ಆರರ ಮಗ್ಗಿ, ಮ್ಯಾಲ ಒಂದು” ಎಂದಳು. 20 ಚಿಪ್ಪುಗಳಿಗೆ 121 ಕುಣಿಕೆ! ಗಣಿತದ ಮೇಷ್ಟ್ರ ಮನೆಯಲ್ಲಿ ನಾಲ್ಕು ದಶಕ ಈ ಲೆಕ್ಕ ನಡೆದಿತ್ತು; ಮೇಷ್ಟ್ರಿಗೆ ತಿಳಿದಿರಲಿಲ್ಲ. ‘ಬಿಡುವಿನ ಕೆಲಸ’ವೆಂದು ನಾನು ಅದನ್ನು ಹಗುರವಾಗಿ ಕಂಡಿದ್ದೆ.

ಹಾಗೆ ಕಂಡವನು ನಾನೊಬ್ಬನೇ ಅಲ್ಲ. ಆಂಧ್ರಪ್ರದೇಶದ ಗೋದಾವರಿ ಸೀಮೆಯ ನರಸಾಪುರದ ಸ್ತ್ರೀಯರು ಇದೇ ಕೊಕ್ಕೆಸೂಜಿಯಿಂದ ವಿದೇಶದ ಪೇಟೆಗಾಗಿ ಲೇಸು ಹೆಣೆಯುತ್ತಿದ್ದರೂ, ಅವರನ್ನು ದುಡಿಯುವವರೆಂದು ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಭಾವಿಸಲಾಗುತ್ತಿತ್ತೆಂದು ಜರ್ಮನ್ ವಿದುಷಿ ಮಾರಿಯಾ ಮೀಸ್ 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಅದನ್ನು ಓದುವಾಗ ನಾನು ತಲೆತಗ್ಗಿಸಿದೆ.

ಚಿಪ್ಪಿನ ಪಟ್ಟಿಯ ಮೇಲೆ ಅರಳಿನ ಪಟ್ಟಿ ಬರುವಂತೆ ಹದಿನಾಲ್ಕು ಸಾಲು ಮುಗಿಸಿ, ಹೆಮ್ಮೆಯಿಂದ ವಸ್ತ್ರವನ್ನು ಆಕೆಯ ಮಡಿಲಿಗಿಟ್ಟೆ. ಆಕೆ ಉಬ್ಬಿದ ಅರಳುಗಳನ್ನು ಒಂದೊಂದಾಗಿ ತಡವುತ್ತ ಹೋದಳು.

“ಹಿಂದಿನ ಪಟ್ಟಿಯೊಳಗ ಇಪ್ಪತ್ತು ಅದಾವು, ಇದರಾಗ ಹತ್ತೊಂಬತ್ತರೀ. ಅಂಚಿನ ಅರೆಚಿಪ್ಪು ಬಿಟ್ಟೀರಿ. ಬಿಚ್ಚರಿ.”

ಆಕೆ ಹೇಳಿದ್ದು ನಿಜ. ಒಂದು ಸಾಲಿನ ಎರಡೂ ತುದಿಗಳಲ್ಲಿ ಮೂರು ಕಂಬಗಳ ಅರೆಚಿಪ್ಪನ್ನು ಮರೆತಿದ್ದೆ, ವಸ್ತ್ರ ಕಿರಿದಾಗಿತ್ತು. ತುದಿಯ ಕುಣಿಕೆ ಬಿಡಿಸಿ ನೂಲೆಳೆದರೆ ಹದಿನೈದು ದಿನಗಳ ಶ್ರಮ ಕ್ಷಣಾರ್ಧದಲ್ಲಿ ಬಿಚ್ಚಿಕೊಂಡಿತು. ಆದರೆ ನನಗಾದುದು ವ್ಯಥೆಯಲ್ಲ. ನನ್ನ ಕಣ್ಣಿಗೆ ಕಾಣದ ತಪ್ಪು ಆಕೆಯ ಬೆರಳಿಗೆ ಕಂಡಿತ್ತು!

“ಇಷ್ಟು ತಿಳೀತದ ಅಂದಮ್ಯಾಲ ನೀನ ಯಾಕ ಹೆಣೀಬಾರದು?” ಎಂದು ಸೂಜಿಯನ್ನು ಆಕೆಯ ಕೈಗಿತ್ತೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಎಡಗೈಯ ಬೆರಳಿಗೆ ನೂಲು ಸುತ್ತಿಕೊಂಡಳು.

ಮದುವೆಯ ಹೊತ್ತಿಗೆ ವಸ್ತ್ರ ಸಿದ್ಧವಾಯಿತು. ನಡುವಿನ ಕೆಲವು ಸಾಲುಗಳು ನನ್ನವು. ಅವು ತುಸು ಬಿಗಿ, ತುಸು ಸೊಟ್ಟ. ಸುತ್ತಲಿನ ಅಂಚಿನಲ್ಲಿ ಮೂರು ಸರಪಳಿ ಹೆಣೆದು ಅದರ ಬುಡಕ್ಕೇ ಸಿಕ್ಕಿಸುವ ಸಣ್ಣ ಮೊಗ್ಗುಗಳೆಲ್ಲ ಆಕೆಯವು. ಆ ಪೆಟ್ಟಿಗೆಯ ಮುಚ್ಚಳ ಈಗ ತೆರೆದೇ ಇರುತ್ತದೆ.