ಗಾಳವೂ ದಯೆಯೂ

ಜೀವದಯೆಯೆಂಬುದು ಅಡುಗೆಮನೆಯ ಹೊಸ್ತಿಲಲ್ಲಿಯೇ ಮುಗಿಯುವ ಮಾತೇ, ಅಥವಾ ನಮ್ಮ ವಿನೋದಗಳಿಗೂ ಸಲ್ಲುವ ಮಾತೇ? ಅಮೆರಿಕೆಯಲ್ಲಿ ಓದುತ್ತಿರುವ ನನ್ನ ಮೊಮ್ಮಗನು ಕಳೆದ ವಸಂತದಲ್ಲಿ ಫೋನಿನಲ್ಲಿ ಕೇಳಿದ ಪ್ರಶ್ನೆಯು ಹುಮನಾಬಾದಿನ ನಮ್ಮ ಮನೆಯವರೆಲ್ಲರನ್ನೂ ಈ ವಿಚಾರಕ್ಕೆ ಹಚ್ಚಿತು.

“ಮುತ್ಯಾ, ಗೆಳೆಯರೆಲ್ಲ ಕೆರೆಗೆ ಮೀನು ಹಿಡಿಯಲು ಹೊರಟಾರ. ಹಿಡಿದು ಮತ್ತ ನೀರಿಗೇ ಬಿಡ್ತಾರ, ಕೊಲ್ಲೂದಿಲ್ಲ. ನಾನೂ ಹೋಗಲೇನು?” ಎಂದನು.

ನಮ್ಮದು ತಲೆಮಾರುಗಳಿಂದ ಇಷ್ಟಲಿಂಗಪೂಜೆ ಮಾಡಿಕೊಂಡು ಬಂದ ಸಸ್ಯಾಹಾರಿ ಮನೆ. ತಿನ್ನಬಾರದು ಎಂದು ಹೇಳುವುದು ಸುಲಭ. ಆದರೆ ತಿನ್ನದೆ, ಕೊಲ್ಲದೆ, ಹಿಡಿದು ಬಿಡುವುದಕ್ಕೆ ಏನು ಹೇಳಬೇಕು? ಬೇಡವೆಂದರೆ ಪರದೇಶದಲ್ಲಿ ಬೆಳೆಯುವ ಹುಡುಗ ಗೆಳೆಯರಿಂದ ದೂರವಾಗುವನು. ಹೋಗೆಂದರೆ ನಮ್ಮ ಆಚಾರ ಬರಿಯ ಊಟದ ನಿಯಮವಾಗಿ ಉಳಿಯುವುದು.

ಆ ಮೀನುಗಳ ವಿಷಯವನ್ನು ಓದಿ ತಿಳಿದುಕೊಂಡೆ. ಅಲ್ಲಿನ ಸಣ್ಣ ಕೆರೆಗಳಲ್ಲಿ ಬಾಸ್ ಮತ್ತು ಬ್ಲೂಗಿಲ್ ಎಂಬ ಮೀನುಗಳಿವೆ. ವಸಂತದಲ್ಲಿ ನೀರಿನ ಉಷ್ಣತೆ 15 ರಿಂದ 20 ಡಿಗ್ರಿಗೆ ಏರಿದಾಗ ಗಂಡು ಬಾಸ್ ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಬಾಲದಿಂದ ನೆಲವನ್ನು ಗುಡಿಸಿ, ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ಕಾಯುವುದು ಗಂಡೇ. ಮರಿಗಳು ಚದುರುವವರೆಗೂ ಅದು ಸ್ಥಳ ಬಿಡದು. ಸಮೀಪಿಸಿದ ಯಾವುದನ್ನೇ ಆದರೂ ಕಚ್ಚಲು ಧಾವಿಸುವುದರಿಂದ ಗಾಳಕ್ಕೆ ಸುಲಭವಾಗಿ ಸಿಕ್ಕುತ್ತದೆ. ಅದನ್ನು ಮೇಲೆತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್‌ಗಳು ನುಗ್ಗಿ ಮೊಟ್ಟೆಗಳನ್ನು ತಿನ್ನಬಲ್ಲವು. ತಂದೆ ಜೀವಂತ ಮರಳಿದರೂ ಸಂಸಾರ ಉಳಿದಿರುವುದೆಂಬ ಭರವಸೆಯಿಲ್ಲ.

ನಮ್ಮ ಸೀಮೆಯ ಮರಲ್ ಮೀನಿನ ರೀತಿಯೂ ಹೀಗೆಯೇ. ಹಾವಿನಂತಹ ತಲೆಯುಳ್ಳ ಈ ಮೀನು ತನ್ನ ಮರಿಗಳ ಹಿಂಡಿನ ಕೆಳಗೇ ಈಜುತ್ತ ಕಾಯುತ್ತದೆ. ಬಸವಕಲ್ಯಾಣದ ಕಡೆ ಬಲೆ ಬೀಸಿ ಬದುಕುವ ಹಿರಿಯರೊಬ್ಬರನ್ನು ಈ ವಿಷಯವಾಗಿ ಕೇಳಿದೆ. “ಮರಿ ಕಾಯೋ ಮೀನಿಗಿ ಕೈ ಹಚ್ಚಬ್ಯಾಡಂತ ನಮ್ಮಪ್ಪ ಹೇಳ್ಯಾನ್ರೀ. ಅದಕ್ಕ ಹಿಡದ್ರ ಮುಂದ ಬಲಿ ಖಾಲಿ ಬರ್ತದ್ರೀ” ಎಂದರು.

ಈ ಮಾತಿನಲ್ಲಿ ಕಾಯಕದ ಸಂಯಮವಿದೆ. ಮೀನು ತಿನ್ನದ ನಾವು ಮೀನುಗಾರನನ್ನು ಕೀಳಾಗಿ ಕಾಣುವುದು ಶರಣಮಾರ್ಗವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ, ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಬಸವಣ್ಣನವರ ಸಮಸಮಕ್ಕೆ ನಿಂತ ಶರಣರು. ಇಂದು ಬಸವಕಲ್ಯಾಣದ ತ್ರಿಪುರಾಂತ ಕೆರೆಯನ್ನು ಕಂಡಾಗ ನೀರನ್ನೇ ನಂಬಿದ ಅಂಥ ಕಾಯಕಜೀವಿಗಳು ನೆನಪಾಗಬೇಕು. ಹೊಟ್ಟೆಪಾಡಿಗಾಗಿ ಹಿಡಿಯುವವನು ಅಳತೆಯರಿತು ಹಿಡಿಯುತ್ತಾನೆ. ಹಸಿವಿಲ್ಲದವನ ಗಾಳಕ್ಕೆ ಅಳತೆ ಯಾವುದು?

ಮೊಮ್ಮಗನಿಗೆ ನಾನು ಅಪ್ಪಣೆ ಮಾಡಲಿಲ್ಲ. ತಿಳಿದುದನ್ನೆಲ್ಲ ಹೇಳಿ, “ಗೆಳೆಯರ ಕೂಡ ಹೋಗಪ್ಪಾ. ಮೊದಲು ದಡದಾಗ ನಿಂತು ಗೂಡು ನೋಡು. ಆಮ್ಯಾಲ ಗಾಳ ಹಾಕೂದೋ ಬಿಡೂದೋ ನೀನೇ ಹೇಳು” ಎಂದೆ.

ಎರಡು ವಾರಗಳ ನಂತರ ಅವನೇ ಫೋನು ಮಾಡಿದನು. ತಿಳಿನೀರಿನಲ್ಲಿ ಗೂಡು ಕಂಡನಂತೆ. ಒಂದು ಮೀನು ಒಂದೇ ಕಡೆ ಸುತ್ತುತ್ತಿತ್ತಂತೆ. ಇವನು ಗಾಳ ಹಾಕಲಿಲ್ಲ. ಕೆಲವರು ನಕ್ಕರು, ಮರುವಾರ ಇವನನ್ನು ಕರೆಯದೆಯೇ ಹೋದರು. ಹೇಳುವಾಗ ಅವನ ಧ್ವನಿಯಲ್ಲಿ ನೋವಿತ್ತು, ಆದರೆ ಪಶ್ಚಾತ್ತಾಪವಿರಲಿಲ್ಲ.

ದೂರದೇಶಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಬಂಧುಗಳು ಇದನ್ನು ಗಮನಿಸಬೇಕು. ಮಕ್ಕಳಿಗೆ ನಿಷೇಧಗಳ ಪಟ್ಟಿಯನ್ನು ಕೊಟ್ಟರೆ ಅದು ನಾವು ಎದುರಿಗಿರುವಷ್ಟು ಕಾಲ ಮಾತ್ರ ನಡೆಯುತ್ತದೆ. ಕಣ್ಣಾರೆ ಕಂಡು ಮರುಗುವ ಮನಸ್ಸನ್ನು ಕೊಟ್ಟರೆ, ಒಬ್ಬಂಟಿಯಾಗಿ ನಿಲ್ಲಬೇಕಾಗಿ ಬಂದಾಗಲೂ ಆ ದಯೆ ಅವರ ಕೈಬಿಡಲಾರದು.