ನಿಲ್ಲು, ನಗು, ಅಲುಗಾಡಬೇಡ

ನಮ್ಮ ಹಿರಿಯರ ಮನೆಗಳ ಕಪಾಟಿನಲ್ಲಿ ಹಳೆಯ ಫೋಟೋ ಹುಡುಕಿ ನೋಡಿ. ಹೆಚ್ಚಾಗಿ ಸಿಗುವುದು ಎರಡೇ ಬಗೆ. ಒಂದು ಮದುವೆಯದ್ದು, ಇನ್ನೊಂದು ಪಾಸ್‌ಪೋರ್ಟಿನದ್ದು. ಗಲ್ಫಿಗೆ ಹೊರಟ ಎಷ್ಟೋ ಬ್ಯಾರಿ ಗಂಡಸರು ಮೊದಲ ಸಲ ಕ್ಯಾಮೆರಾದ ಎದುರು ಕೂತದ್ದೇ ಪಾಸ್‌ಪೋರ್ಟಿಗಾಗಿ. ನನ್ನ ಉಪ್ಪ ಗಲ್ಫಿಗೆ ಹೋದವರಲ್ಲ, ಬಂಟ್ವಾಳದ ಕಡೆ ಜಿನಸಿನ ಅಂಗಡಿ ಇಟ್ಟವರು. ಅವರ ಬಾಲ್ಯದ ಒಂದು ಫೋಟೋ ಕೂಡ ಇಲ್ಲ. ಆರು ವರ್ಷದಲ್ಲಿ ಅವರು ಹೇಗಿದ್ದರು ಎಂದು ತಿಳಿಯಲು ನನಗೆ ಯಾವ ದಾರಿಯೂ ಇಲ್ಲ.

ಈಗ ಹಾಗಲ್ಲ. ಆರು ವರ್ಷದ ಒಂದು ಮಗುವಿನ ಸಾವಿರಗಟ್ಟಲೆ ಫೋಟೋ ನಮ್ಮ ಫೋನಿನಲ್ಲಿ ತುಂಬಿರುತ್ತದೆ. ಆದರೆ ತೆರೆದು ನೋಡಿ, ಅವುಗಳಲ್ಲಿ ಬಹಳಷ್ಟು ಅದೇ ಪಾಸ್‌ಪೋರ್ಟಿನ ಭಂಗಿಯವು. ಗೋಡೆಗೆ ಬೆನ್ನು ಕೊಟ್ಟು, ಕೈ ಎರಡೂ ಕೆಳಗಿಟ್ಟು, ಹಲ್ಲು ತೋರಿಸಿ ನಿಂತ ಮಗು. ಹಬ್ಬದ ಬಟ್ಟೆ ಬದಲಾಗಿರುತ್ತದೆ, ನಿಂತ ರೀತಿ ಮಾತ್ರ ಬದಲಾಗಿರುವುದಿಲ್ಲ. "ನಿಲ್ಲು, ನಗು, ಅಲುಗಾಡಬೇಡ" ಎಂಬ ಮೂರು ಆಜ್ಞೆಗಳು ನಮ್ಮ ಬಾಯಿಗೆ ಎಲ್ಲಿಂದ ಬಂದವು?

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಯಂತ್ರದ ಕಡೆಯಿಂದ ಯೋಚಿಸುವುದು ಅಭ್ಯಾಸ. ಈ ಆಜ್ಞೆಗಳು ಹುಟ್ಟಿದ್ದು ಯಂತ್ರದ ಕೊರತೆಯಿಂದ. 1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ಫೋಟೋ ವಿಧಾನವನ್ನು ಜಗತ್ತಿಗೆ ತೋರಿಸಿದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಮುಂದೆ ಅದು ಸೆಕೆಂಡುಗಳಿಗೆ ಇಳಿದರೂ ತಲೆ ಅಲುಗಾಡದಂತೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಎಳೆಯ ಮಕ್ಕಳದ್ದು ಇನ್ನೂ ಕಷ್ಟ. ತಾಯಿಯ ಮೇಲೆ ಬಟ್ಟೆ ಹೊದಿಸಿ, ಕುರ್ಚಿಯಂತೆ ಕೂರಿಸಿ, ಅವಳ ಮಡಿಲಲ್ಲಿ ಮಗುವನ್ನು ಹಿಡಿಸಿ ತೆಗೆದ ಚಿತ್ರಗಳು ಆ ಕಾಲದ್ದು ಇವೆ. ಮಗು ಸ್ಪಷ್ಟ ಬರಲೆಂದು ತಾಯಿಯನ್ನೇ ಮುಚ್ಚಿಟ್ಟರು.

ಇಂದು ಒಳ್ಳೆಯ ಹಗಲು ಬೆಳಕಿನಲ್ಲಿ ಸಾಮಾನ್ಯ ಫೋನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಚಿತ್ರ ತೆಗೆಯುತ್ತದೆ. ಓಡುವ ಮಗುವನ್ನೂ ಅದು ಹಿಡಿಯಬಲ್ಲದು. ಯಂತ್ರ "ಅಲುಗಾಡಬೇಡ" ಎನ್ನುವುದನ್ನು ಬಿಟ್ಟು ಬಹಳ ಕಾಲವಾಯಿತು. ನಾವು ಮಾತ್ರ ಬಿಟ್ಟಿಲ್ಲ.

ನಾನು ಇದನ್ನು ಬರೆಯುತ್ತಿರುವುದು ಹುಲಜಂತಿಯಿಂದ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಊರು. ಮಹಾರಾಷ್ಟ್ರವಾದರೂ ಕರ್ನಾಟಕದ ಗಡಿ ಹತ್ತಿರ, ಬೀದಿಯಲ್ಲಿ ಕನ್ನಡ ಮಾತು ಧಾರಾಳ. ಈ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ನನ್ನ ಕೆಲಸ. ಹೆಂಡತಿ, ಆರು ವರ್ಷದ ಮಗಳು ಜೊತೆಗಿದ್ದಾರೆ. ಊರಿಗೆ ಹೋಗಬೇಕೆಂದರೆ ವಿಜಯಪುರ, ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ರಜೆ ಸಿಗುವುದಿಲ್ಲ. ಉಪ್ಪನಿಗೆ ಅಂಗಡಿ ಬಿಡಲಾಗದು, ಉಮ್ಮನಿಗೆ ಮೊಣಕಾಲು ನೋವು, ದೂರದ ಬಸ್ಸು ಹತ್ತಲಾಗದು. ಹಾಗಾಗಿ ವರ್ಷದ ಬಹುಪಾಲು ಅವರಿಗೆ ಮೊಮ್ಮಗಳು ಎಂದರೆ ಫೋನಿನಲ್ಲಿ ಬರುವ ಚಿತ್ರ. ಉಮ್ಮ ಕೇಳುವುದು ಒಂದೇ: "ಅವಳು ಅಲ್ಲಿ ಏನು ಮಾಡಿಕೊಂಡಿರುತ್ತಾಳೆ?" ಗೋಡೆಗೆ ನಿಲ್ಲಿಸಿ ತೆಗೆದ ನೂರು ಫೋಟೋ ಕಳಿಸಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಊರಿನಿಂದ ದೂರ ಇರುವ ಬ್ಯಾರಿ ಮನೆಗಳು ಬಹಳ. ದುಬೈಯಲ್ಲಿದ್ದರೂ ಬೆಂಗಳೂರಲ್ಲಿದ್ದರೂ ಊರಿನವರ ಪ್ರಶ್ನೆ ಇದೇ. ಆದ್ದರಿಂದ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ದೊಡ್ಡ ಕ್ಯಾಮೆರಾ ಬೇಕಾಗಿಲ್ಲ.

ಮೊದಲು ಬೆಳಕು. ನಮ್ಮ ಕರಾವಳಿಯಲ್ಲಿ ತೆಂಗು, ಕಂಗಿನ ತೋಟ, ಗಾಳಿಯಲ್ಲಿ ತೇವ, ಹಾಗಾಗಿ ಬಿಸಿಲು ಸೋಸಿ ಬರುತ್ತದೆ. ಇಲ್ಲಿ ಬಯಲು. ಬಿಸಿಲು ನೇರ ಬೀಳುತ್ತದೆ. ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಇಲ್ಲಿ ಮೇ 10ರ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೂ ನೆರಳು ಇರುವುದಿಲ್ಲ. ಅಂಥ ಹೊತ್ತಲ್ಲಿ ಹಣೆ ಹೊಳೆಯುತ್ತದೆ, ಕಣ್ಣಿನ ಗುಳಿ ಕಪ್ಪಾಗುತ್ತದೆ, ಮಗು ಕಣ್ಣು ಕಿರಿದು ಮಾಡುತ್ತದೆ. ಇಲ್ಲಿನ ಎರೆಮಣ್ಣು ಬೇರೆ ಬೆಳಕನ್ನು ನುಂಗುತ್ತದೆ, ಕೆಳಗಿನಿಂದ ಮುಖಕ್ಕೆ ಏನೂ ವಾಪಸು ಬರುವುದಿಲ್ಲ. ನಮ್ಮೂರಿನ ಮುರಮಣ್ಣಿನ ಅಂಗಳದಲ್ಲಿ ತೊಂದರೆ ಬೇರೆ, ಗಲ್ಲದ ಕೆಳಗೆ ಕೆಂಪು ಛಾಯೆ ಏರುತ್ತದೆ.

ಗಡಿಯಾರ ನೋಡುವ ಬದಲು ನೆರಳನ್ನು ಅಳೆಯಿರಿ. ಮಗುವಿನ ನೆರಳು ಅವಳ ಎತ್ತರದ ಎರಡು ಪಟ್ಟು ಇದ್ದರೆ ಸೂರ್ಯ ಸಾಕಷ್ಟು ಕೆಳಗಿದ್ದಾನೆ ಎಂದರ್ಥ. ಆಗ ಬೆಳಕು ಪಕ್ಕದಿಂದ ಮೃದುವಾಗಿ ಬೀಳುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಈ ಹೊತ್ತು ಎಲ್ಲ ಊರಿನಲ್ಲೂ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ನಾನು ಮನೆ ಸೇರುವುದೂ ಅದೇ ಹೊತ್ತಿಗೆ, ಮಗಳು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿರುತ್ತಾಳೆ.

ಬಿಸಿಲೇರಿದ ಮೇಲೆ ತೆಗೆಯಲೇಬೇಕಾದರೆ ನೆರಳಿನ ಅಂಚು ಹುಡುಕಿ. ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಎಲೆಯ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತವೆ, ಅದು ಚೆನ್ನಾಗಿರುವುದಿಲ್ಲ. ಮನೆಯ ಚಾವಡಿ, ಅಂಗಡಿಯ ಮಾಡು, ಗೋಡೆಯ ಉದ್ದ ನೆರಳು, ಇಂಥ ಗಟ್ಟಿ ನೆರಳಿನ ಅಂಚಿನಲ್ಲಿ ಮಗು ತೆರೆದ ಆಕಾಶದ ಕಡೆಗೆ ಮುಖ ಮಾಡಿದ್ದರೆ ಸಾಕು. ಕಣ್ಣಿನಲ್ಲಿ ಒಂದು ಬಿಳಿ ಹೊಳಪು ಕಾಣಿಸುತ್ತದೆ. ಆ ಹೊಳಪೇ ಗುರುತು. ಎದುರಿಗೆ ಸುಣ್ಣ ಬಳಿದ ಗೋಡೆಯೋ ಒಣಗಲು ಹಾಕಿದ ಬಿಳಿ ಬಟ್ಟೆಯೋ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ದೂರ. ಇದಕ್ಕೆ ಸಣ್ಣ ಲೆಕ್ಕ ಇದೆ. ಮೂಗಿನ ತುದಿಗೂ ಕಿವಿಗೂ ಸುಮಾರು 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಫೋನನ್ನು ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಿವಿ 40ರಲ್ಲಿರುತ್ತದೆ. ಕಿವಿಗೆ ಹೋಲಿಸಿದರೆ ಮೂಗು ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ 150ಕ್ಕೆ 160, ವ್ಯತ್ಯಾಸ ನೂರಕ್ಕೆ ಏಳರಷ್ಟು ಮಾತ್ರ. ಮುಖ ನಾವು ದಿನಾ ನೋಡುವ ಮುಖದಂತೆಯೇ ಬರುತ್ತದೆ. ಹಿಂದೆ ಸರಿಯಿರಿ, ಫೋನಿನಲ್ಲಿ ಎರಡು ಪಟ್ಟಿನ ಜೂಮ್ ಇದ್ದರೆ ಒತ್ತಿ. ಮತ್ತೆ ಕೂತುಕೊಳ್ಳಿ. ದೊಡ್ಡವರು ನಿಂತು ತೆಗೆದ ಫೋಟೋದಲ್ಲಿ ಮಗುವಿನ ತಲೆ ದೊಡ್ಡದು, ಕಾಲು ಚಿಕ್ಕದು. ಅವಳ ಕಣ್ಣಿನ ಎತ್ತರಕ್ಕೆ ಇಳಿದರೆ ಅವಳು ನೋಡುವ ಜಗತ್ತೂ ಚಿತ್ರದೊಳಗೆ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಗುವಿಗೆ ಏನಾದರೂ ಕೆಲಸ ಇರಬೇಕು. ನಮ್ಮ ಪಕ್ಕದ ಮನೆಯ ಅಜ್ಜಿ ಒಮ್ಮೆ ನನ್ನ ಕೈಯಲ್ಲಿ ಫೋನು ನೋಡಿ ಹೇಳಿದರು: "ಕೂಸಿನ್ನ ನಿಂದ್ರಸಬ್ಯಾಡ್ರಿ, ಆಡಾಕ ಬಿಡ್ರಿ. ಆಡೂ ಮುಂದ ನೋಡ್ರಿ ಮಾರಿ ಹೆಂಗಿರ್ತೈತಿ." ಫೋಟೋದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಇಲ್ಲಿ ಕೆಲಸಕ್ಕೆ ಬರವಿಲ್ಲ. ಮಂಗಳವೇಢೆಯ ಜೋಳ ಹೆಸರುವಾಸಿ, 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಿಂಗಾರಿನ ಬೆಳೆ ಅದು. ಚಳಿಯಲ್ಲಿ ತೆನೆ ಹಾಲು ತುಂಬಿದಾಗ ಹೊಲದಲ್ಲೇ ಸುಟ್ಟು, ಕೈಯಲ್ಲಿ ಉಜ್ಜಿ, ಸೀತನಿ ತಿನ್ನುತ್ತಾರೆ. ಬಿಸಿ ತೆನೆಯನ್ನು ಅಂಗೈಯಲ್ಲಿ ಅತ್ತಿತ್ತ ಹಾರಿಸಿ ಊದುವ ಮಗುವಿಗೆ ಕ್ಯಾಮೆರಾ ನೆನಪಿರುವುದಿಲ್ಲ. ಊರಿನಲ್ಲಾದರೆ ಒದ್ದೆ ಮರಳಲ್ಲಿ ಏಡಿಯ ತೂತು ಹುಡುಕುವುದು, ಅಂಗಳದಲ್ಲಿ ಹಾಕಿದ ಅಡಿಕೆ ಹೆಕ್ಕುವುದು, ಬೆಕ್ಕಿಗೆ ಮೀನಿನ ತಲೆ ಹಾಕುವುದು. ಫೋನನ್ನು ಮೊದಲೇ ಸಿದ್ಧ ಮಾಡಿ, ಸುಮ್ಮನೆ ಪಕ್ಕದಲ್ಲಿ ಕೂತು, ಹತ್ತು ನಿಮಿಷ ಏನೂ ಮಾಡಬೇಡಿ. ಅವಳು ನಿಮ್ಮನ್ನು ಮರೆಯುತ್ತಾಳೆ. ಆಮೇಲೆ ಬಟನ್ ಒತ್ತಿ ಹಿಡಿದು ಸಾಲಾಗಿ ಹತ್ತು ಚಿತ್ರ ತೆಗೆದು ಒಂದನ್ನು ಉಳಿಸಿಕೊಳ್ಳಿ. ಪ್ರೊ ಮೋಡ್ ಇದ್ದರೆ ನಡೆಯುವ ಮಗುವಿಗೆ 1/250, ಓಡುವ ಮಗುವಿಗೆ 1/500 ಇಡಿ. "ನೋಕು ಮೋಲೆ" ಎಂದು ಕರೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಒಮ್ಮೆ ಕರೆದರೆ ತಿರುಗಿ ನೋಡುವ ಮುಖ ಅವಳದ್ದೇ. ಹತ್ತು ಸಲ ಕರೆದರೆ ಅದು ನಿಮಗಾಗಿ ಮಾಡಿದ ಮುಖ.

ಮಕ್ಕಳನ್ನು ಹೀಗೆ ಅವರ ಪಾಡಿಗೆ ಬಿಟ್ಟು ಚಿತ್ರ ತೆಗೆದ ದೊಡ್ಡವರು ನಮ್ಮ ಕನ್ನಡದಲ್ಲೇ ಇದ್ದರು, ಮೈಸೂರಿನ ಟಿ. ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ಮೂಲಕ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಮಕ್ಕಳು ತಮ್ಮ ತಮ್ಮ ಕೆಲಸದಲ್ಲಿರುತ್ತಾರೆ. ಬಡ ಮಕ್ಕಳೂ ಅಲ್ಲಿ ಸಣ್ಣವರಾಗಿ ಕಾಣುವುದಿಲ್ಲ. ಅವಕಾಶ ಸಿಕ್ಕರೆ ಹುಡುಕಿ ನೋಡಿ.

ಇನ್ನು ಹೇಳಲೇಬೇಕಾದ ಒಂದು ಮಾತು. ಹೊಸ ಫೋನುಗಳಲ್ಲಿ ಬ್ಯೂಟಿ ಎಂಬುದು ಎಷ್ಟೋ ಸಲ ಅಂಗಡಿಯಿಂದ ಬರುವಾಗಲೇ ಆನ್ ಆಗಿರುತ್ತದೆ. ಅದು ಚರ್ಮವನ್ನು ನುಣ್ಣಗೆ, ಬಿಳಿ ಮಾಡುತ್ತದೆ. ಹೋದ ವರ್ಷ ಊರಿನ ಒಂದು ಮದುವೆಯಲ್ಲಿ ಬಂಧುವೊಬ್ಬರು ತೆಗೆದ ಫೋಟೋ ನೋಡಿ ಮಗಳು ಕೇಳಿದಳು: "ಉಪ್ಪಾ, ಇದು ಯಾರು?" ಅವಳೇ ಎಂದಾಗ ಸ್ವಲ್ಪ ಹೊತ್ತು ನೋಡಿ ಇನ್ನೊಂದು ಪ್ರಶ್ನೆ: "ನಾನು ಹೀಗಿದ್ದರೆ ಚಂದವಾ?" ಬಯಲು ಸೀಮೆಯ ಬಿಸಿಲಲ್ಲಿ ಆಡುವವಳು. ಮದುವೆ ಮನೆಯಲ್ಲಿ "ಕಪ್ಪಾಗಿದ್ದಾಳಲ್ಲಾ" ಎಂದು ಮೂರು ಜನ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆರು ವರ್ಷದ ಹುಡುಗಿಗೆ ನಿನ್ನ ಮುಖ ತಿದ್ದಬೇಕಾದದ್ದು ಎಂದು ಬಾಯಿ, ಯಂತ್ರ ಎರಡೂ ಸೇರಿ ಹೇಳಿದರೆ ಅವಳು ನಂಬುತ್ತಾಳೆ. ಹೆಣ್ಣು ಮಕ್ಕಳಿರುವ ಮನೆಯವರು ಇವತ್ತೇ ಆ ಸೆಟ್ಟಿಂಗ್ ತೆಗೆದು ಸೊನ್ನೆಗೆ ಇಳಿಸಿ. ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿ ಫೋಕಸ್ ಮಾಡಿ. ಹಿಂದೆ ಬೆಳಗುವ ಆಕಾಶ ಇದ್ದು ಮುಖ ಕತ್ತಲಾದರೆ ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಜಾರಿಸಿ. ಅಷ್ಟು ಸಾಕು. ಬೆಳಕು ಕೊಡುವುದು ಬೇರೆ, ಬಣ್ಣ ಬದಲಿಸುವುದು ಬೇರೆ.

ಬಣ್ಣದ ವಿಷಯದಲ್ಲಿ ಯಂತ್ರ ಹೇಗೆ ಮೋಸ ಹೋಗುತ್ತದೆ ಎಂಬುದಕ್ಕೆ ಹುಲಜಂತಿಯ ಜಾತ್ರೆಗಿಂತ ಒಳ್ಳೆಯ ಪಾಠವಿಲ್ಲ. ದೀಪಾವಳಿಯ ಹೊತ್ತಿಗೆ ಮಹಾಲಿಂಗರಾಯನ ಜಾತ್ರೆ. ಬೇರೆ ಊರುಗಳ ಪಲ್ಲಕ್ಕಿಗಳು ಬಂದು ಭೇಟಿಯಾಗುತ್ತವೆ, ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಜನ ಸೇರುತ್ತಾರೆ, ಭಂಡಾರ ಹಾರಿ ಗಾಳಿಯೇ ಅರಿಸಿನವಾಗುತ್ತದೆ. ಚೌಕಟ್ಟು ಪೂರ್ತಿ ಹಳದಿ ಕಂಡಾಗ ಫೋನು ಅದನ್ನು ತಪ್ಪೆಂದು ತಿಳಿದು ಕೆಲವೊಮ್ಮೆ ಮುಖಗಳಿಗೆ ನೀಲಿ ಬೆರೆಸುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ಕಟ್ಟಿಹಾಕಿದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಚಿತ್ರ ಯಾರಿಗೆ ಎಂಬುದೂ ಮುಖ್ಯ. ಫೋಟೋವೇ ಬೇಡ ಎನ್ನುವ ಹಿರಿಯರು, ಕಣ್ಣು ತಾಗುತ್ತದೆ ಎನ್ನುವ ಉಮ್ಮಂದಿರು ನಮ್ಮಲ್ಲಿದ್ದಾರೆ. ಅವರ ಮಾತನ್ನು ನಕ್ಕು ತಳ್ಳಬೇಕಾಗಿಲ್ಲ, ಎಲ್ಲರಿಗೂ ತೋರಿಸಬೇಡಿ ಎಂಬ ವಿವೇಕ ಅದರಲ್ಲಿದೆ. ಮಗುವಿನ ಚಿತ್ರ ಮನೆಯವರಿಗೆ ಹೋಗಲಿ, ಊರಿಗೆಲ್ಲ ಬೇಡ. ಶಾಲೆಯ ಬ್ಯಾಡ್ಜ್ ಕಾಣುವಂಥದ್ದನ್ನು ಹೊರಗೆ ಹಾಕಬೇಡಿ. ಕ್ಯಾಮೆರಾದ ಲೊಕೇಶನ್ ಆಫ್ ಇಡಿ, ಇಲ್ಲದಿದ್ದರೆ ಫೈಲಿನ ಒಳಗೇ ಮನೆಯ ಜಾಗ ದಾಖಲಾಗುತ್ತದೆ. ಮತ್ತೆ ಮಗು "ಇವತ್ತು ಬೇಡ" ಎಂದರೆ ಬೇಡ. ಅವಳ ಮುಖ ಮೊದಲು ಅವಳದ್ದು.

ಕೊನೆಯ ಕೆಲಸ, ಕಾಗದಕ್ಕೆ ಇಳಿಸುವುದು. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ನಾಲ್ಕು ಇಂಚು ಆರು ಇಂಚಿನ ಪ್ರಿಂಟಿಗೆ 1200ಕ್ಕೆ 1800 ಪಿಕ್ಸೆಲ್ ಸಾಕು, ಹಳೆಯ ಫೋನಿನ ಚಿತ್ರವೂ ನಡೆಯುತ್ತದೆ. ವರ್ಷಕ್ಕೆ ಹನ್ನೆರಡು ಚಿತ್ರ, ತಿಂಗಳಿಗೆ ಒಂದು. ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಊರು, ಅವಳು ಏನು ಮಾಡುತ್ತಿದ್ದಳು ಎಂಬ ಒಂದು ಸಾಲು. ಫೋನು ಕೆಡುತ್ತದೆ, ಪಾಸ್‌ವರ್ಡ್ ಮರೆತು ಹೋಗುತ್ತದೆ. ಕಪಾಟಿನ ಕಾಗದಕ್ಕೆ ಪಾಸ್‌ವರ್ಡ್ ಬೇಡ.

ಸೀತನಿ ಊದುತ್ತಿದ್ದ ಚಿತ್ರವನ್ನು ಹೀಗೆ ಪ್ರಿಂಟ್ ಮಾಡಿ ಕಳಿಸಿದ್ದೆ. ಅದರಲ್ಲಿ ಮಗಳು ನಗುತ್ತಿಲ್ಲ, ಕೆನ್ನೆ ಉಬ್ಬಿಸಿದ್ದಾಳೆ, ತಟ್ಟದ ಒಂದು ತುದಿ ಜಾರಿದೆ, ಮೂಗಿನ ಮೇಲೆ ಬೂದಿ. ಉಪ್ಪ ಅದನ್ನು ಅಂಗಡಿಯ ಗಲ್ಲಾದ ಮೇಲೆ, ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರಂತೆ. ಸಾಮಾನಿಗೆ ಬಂದವರು ಯಾರೆಂದು ಕೇಳಿದರೆ ಹೆಸರು ಹೇಳಿ ನಿಲ್ಲಿಸುವುದಿಲ್ಲ, ಜೋಳ ಹೇಗೆ ಸುಡುತ್ತಾರೆ ಎಂಬುದನ್ನೂ ವಿವರಿಸುತ್ತಾರಂತೆ. ಅವರು ಹುಲಜಂತಿ ನೋಡಿದವರಲ್ಲ.