ಹೊಸ ಮನೆಯ ಅಡುಗೆಮನೆ

ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಬಂದ ಬಂಧುಗಳಿಗೆ ಮೊದಲು ಪೂಜಾಗೃಹವನ್ನು ತೋರಿಸಿ, ಅನಂತರ ಅಡುಗೆಮನೆಗೆ ಕರೆದೊಯ್ಯುವುದು ಈಗ ವಾಡಿಕೆಯಾಗಿದೆ. ಪೂಜಾಗೃಹದಲ್ಲಿ ಅರೆಗಳಿಗೆ ನಿಂತವರು ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಲ್ಲುತ್ತಾರೆ. ಫ್ರಿಜ್ ಎಷ್ಟು ಲೀಟರಿನದು, ಒಲೆಗೆ ಎಷ್ಟು ಬರ್ನರು, ಬಟ್ಟೆ ಒಗೆಯುವ ಯಂತ್ರದ ಬಾಗಿಲು ಮೇಲಿದೆಯೋ ಮುಂದಿದೆಯೋ ಎಂಬ ವಿಚಾರಣೆ ನಡೆಯುತ್ತದೆ. ಇದನ್ನು ಕಂಡು ಕಾಲ ಕೆಟ್ಟಿತೆಂದು ಹಳಿಯುವವರ ಸಾಲಿಗೆ ನಾವು ಸೇರಿದವರಲ್ಲ. ಕಾಯಕವನ್ನು ಪೂಜೆಗೆ ಸಮಾನವಾಗಿ ಕಂಡ ಪರಂಪರೆಯವರಿಗೆ ಒಲೆಯ ಮುಂದಿನ ದುಡಿಮೆಯೂ ಕಾಯಕವೇ. ಅದರ ಉಪಕರಣವೂ ವಿಚಾರಯೋಗ್ಯವೇ. ಬಟ್ಟೆ ಒಗೆಯುವುದನ್ನು ಲೋಕವು ಕೀಳೆಂದು ಎಣಿಸಿದ್ದ ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣಗಣದ ಮುಂಚೂಣಿಯಲ್ಲಿದ್ದರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ನಮಗೆ ಚಿಂತೆಯಾಗಿರುವುದು ಯಂತ್ರಗಳು ಬಂದುದರಿಂದಲ್ಲ, ಅವುಗಳನ್ನು ಆರಿಸುವ ರೀತಿಯಿಂದ. ಬಳಸುವವರು ಒಬ್ಬರು, ಆರಿಸುವವರು ಇನ್ನೊಬ್ಬರು, ಹಣ ತೆರುವವರು ಮತ್ತೊಬ್ಬರು ಎಂಬಂತಾಗಿದೆ.

ವಿಜಯಪುರದಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಕುಟುಂಬವೊಂದು ಈಚೆಗೆ ಮನೆ ಕಟ್ಟಿಸಿತು. ಗೃಹಪ್ರವೇಶದ ದಿನ ಗೊತ್ತುಮಾಡಲು ಬಂದ ಹಿರಿಯ ಮಗನ ಕೈಯಲ್ಲಿ ಸಾಮಾನುಗಳ ಪಟ್ಟಿಯೊಂದಿತ್ತು. ಇಂಡಕ್ಷನ್ ಒಲೆ, ಓವನ್, ಎರಡು ಬಾಗಿಲಿನ ಫ್ರಿಜ್, ಮುಂಬಾಗಿಲಿನ ವಾಷಿಂಗ್ ಮಷಿನ್ ಎಲ್ಲವೂ ಅದರಲ್ಲಿದ್ದವು. "ತಾಯಿಯವರು, ಸೊಸೆ ಏನೆಂದರು?" ಎಂದು ಕೇಳಿದೆವು. "ಅವರನ್ನೇನ ಕೇಳೋದದರಿ ಗುರುಗಳೇ, ಛೊಲೋದ ತರತೀವಲ್ಲ" ಎಂದನು. ನಾವೇ ಒಮ್ಮೆ ಅವರ ಮನೆಗೆ ಹೋದಾಗ ಆ ಮಾತನ್ನು ಎತ್ತಿದೆವು. ಸೊಸೆ ಸೆರಗು ಸರಿಪಡಿಸಿಕೊಂಡು, "ದಿನಾ ಮೂವತ್ತು ರೊಟ್ಟಿ ಬಡೀಬೇಕರಿ. ಆ ಕರೆಂಟಿನ ಒಲಿ ಮ್ಯಾಲ ರೊಟ್ಟಿ ಉಬ್ಬತಾವೇನ್ರಿ?" ಎಂದಳು. ಆ ಒಂದು ಪ್ರಶ್ನೆಯಲ್ಲಿ ಪಟ್ಟಿಯ ಮೊದಲನೆಯ ಸಾಲು ಬಿದ್ದುಹೋಯಿತು.

ಇಂಡಕ್ಷನ್ ಒಲೆಯು ತಾನು ಕಾಯುವುದಿಲ್ಲ. ಕಾಂತಕ್ಷೇತ್ರದಿಂದ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಆದುದರಿಂದ ಅಯಸ್ಕಾಂತ ಹಿಡಿಯುವ ತಳದ ಪಾತ್ರೆಯೇ ಅದಕ್ಕೆ ಬೇಕು. ಅಲ್ಯೂಮಿನಿಯಂ ಬೋಗುಣಿ, ತಾಮ್ರದ ತಪ್ಪಲೆ, ಮಣ್ಣಿನ ಹಂಚು ಯಾವುದೂ ಅದರ ಮೇಲೆ ನಡೆಯದು. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಕೆಂಡಕ್ಕೋ ಉರಿಗೋ ಒಡ್ಡಿ ಉಬ್ಬಿಸುವುದಕ್ಕೆ ಅಲ್ಲಿ ಉರಿಯೇ ಇಲ್ಲ. ಹಾಲು ಕಾಯಿಸಲು, ಅನ್ನಕ್ಕೆ ಇಡಲು, ಸಿಲಿಂಡರು ಮುಗಿದ ದಿನ ಮಾನ ಉಳಿಸಿಕೊಳ್ಳಲು ಅದು ಒಳ್ಳೆಯದೇ. ಆದರೆ ಜೋಳ ತಿನ್ನುವ ನಾಡಿನಲ್ಲಿ ಅಗಲ ಬರ್ನರಿನ ಗ್ಯಾಸ್ ಒಲೆಗೆ ಮೊದಲ ಮಣೆ. ಒಲೆಯ ಕಟ್ಟೆ ರೊಟ್ಟಿ ಬಡಿಯುವವಳ ಎತ್ತರಕ್ಕೆ ತಕ್ಕಂತಿರಬೇಕು. ಗವಂಡಿಯ ಲೆಕ್ಕಕ್ಕೆ ತಕ್ಕಂತಲ್ಲ. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಆದಕಾರಣ ಕಿಟಕಿಯಷ್ಟೇ ಸಾಲದು, ನೆಲಮಟ್ಟದಲ್ಲಿಯೂ ಗಾಳಿಗೆ ಹಾದಿ ಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಮೇಲೆ ಇಡಬೇಕು. ಐ.ಎಸ್.ಐ. ಮುದ್ರೆಯ ಕೊಳವೆಯನ್ನೇ ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಒಲೆಗೆ ಹಳೆಯ ಕೊಳವೆಯನ್ನು ಸಿಕ್ಕಿಸುವ ಉಳಿತಾಯವನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ.

ಅರೆಯುವ ವಿಷಯದಲ್ಲಿ ಮಿಕ್ಸರು, ವೆಟ್ ಗ್ರೈಂಡರು ಎರಡೂ ಬೇಕೆಂದು ಅಂಗಡಿಯವರು ಹೇಳುವುದು ಸಹಜ. ಬೇಕೋ ಬೇಡವೋ ಎಂಬುದನ್ನು ಮನೆಯ ಊಟ ಹೇಳಬೇಕು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಸಾಲೆ ಪುಡಿ ಮಾಡುವ ಮನೆಗೆ ಗಟ್ಟಿಯಾದ ಒಣ ಜಾರುಳ್ಳ 750 ವಾಟಿನ ಮಿಕ್ಸರು ಸಾಕು. ದಿನವೂ ದೋಸೆ-ಇಡ್ಲಿ ತಿನ್ನುವ ತುಮಕೂರು, ದಾವಣಗೆರೆಯ ಕಡೆಯವರಿಗೆ ಕಲ್ಲಿನ ಗ್ರೈಂಡರಿನ ಬೆಲೆ ತಿಳಿಯುತ್ತದೆ. ಅಲಗು ವೇಗವಾಗಿ ತಿರುಗಿ ಹಿಟ್ಟನ್ನು ಬಿಸಿಮಾಡುತ್ತದೆ. ಕಲ್ಲು ನಿಧಾನವಾಗಿ ಅರೆದು ತಂಪಾಗಿಯೇ ಇಡುತ್ತದೆ. ಮಿಕ್ಸರು ಒಮ್ಮೆಲೇ ನಿಂತುಹೋದರೆ ಕೆಟ್ಟಿತೆಂದು ಅಂಗಡಿಗೆ ಹೊರುವ ಮುನ್ನ ಅದರ ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ ನೋಡಿರಿ. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ಇಟ್ಟ ಗುಂಡಿ ಅದು.

ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇವೆ. ಎಲ್ಲವನ್ನೂ ನಾಲ್ವರ ಲೆಕ್ಕದಲ್ಲಿ ಕೊಳ್ಳಬೇಡಿರಿ. ಶ್ರಾವಣ ಸೋಮವಾರ ಜಂಗಮರು ಬರುತ್ತಾರೆ, ಜಾತ್ರೆಗೆ ಬೀಗರು ಬರುತ್ತಾರೆ. ದೊಡ್ಡ ಕುಕ್ಕರು ಒಂದಾದರೂ ಇಲ್ಲದ ಮನೆಯಲ್ಲಿ ದಾಸೋಹದ ಮಾತು ಗೋಡೆಯ ಚಿತ್ರಪಟದಲ್ಲಿ ಮಾತ್ರ ಉಳಿಯುತ್ತದೆ.

ಫ್ರಿಜ್ಜಿನ ವಿಷಯದಲ್ಲಿ ಇಂದಿಗೂ ಕೆಲವು ಹಿರಿಯರಿಗೆ ಅಳುಕಿದೆ. ಅದರಲ್ಲಿಟ್ಟದ್ದು ತಂಗಳು, ಪ್ರಸಾದಕ್ಕೆ ಸಲ್ಲದು ಎನ್ನುತ್ತಾರೆ. ಹಾಗೆಯೇ ಎಲ್ಲರ ಬಟ್ಟೆಯೂ ಒಂದೇ ಯಂತ್ರದಲ್ಲಿ ತಿರುಗಿದರೆ ಪೂಜೆಯ ವಸ್ತ್ರಕ್ಕೆ ಮೈಲಿಗೆಯೆಂದು, ತಿಂಗಳ ರಜೆಯಲ್ಲಿರುವ ಸೊಸೆ ಯಂತ್ರವನ್ನು ಮುಟ್ಟಬಾರದೆಂದು ಹೇಳುವ ಅತ್ತೆಯರೂ ಉಂಟು. ಜನನ, ಮರಣ, ಜಾತಿ, ಎಂಜಲು, ರಜಸ್ಸು ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿದ ಧರ್ಮ ನಮ್ಮದು. ಕೊರಳಲ್ಲಿ ಲಿಂಗವಿರುವವಳಿಗೆ ಇಲ್ಲದ ಸೂತಕ ತಗಡಿನ ಡಬ್ಬಿಗೆ ಎಲ್ಲಿಂದ ಬರಬೇಕು? ತಾಜಾ ಅಡುಗೆ ಆರೋಗ್ಯಕ್ಕೆ ಹಿತವೆಂಬ ಮಾತು ಬೇರೆ; ಅದನ್ನು ನಾವೂ ಒಪ್ಪುತ್ತೇವೆ.

ಕೊಳ್ಳುವಾಗ ಬಾಗಿಲಿನ ಹೊಳಪಿಗಿಂತ ಅದರ ಮೇಲೆ ಅಂಟಿಸಿದ ನಕ್ಷತ್ರಗಳ ಚೀಟಿಯನ್ನು ಓದಬೇಕು. 2001ರ ಶಕ್ತಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಸ್ಥಾಪಿತವಾದ ಕೇಂದ್ರ ಸಂಸ್ಥೆಯೊಂದು 2006ರಿಂದ ಈ ಚೀಟಿಯ ಪದ್ಧತಿಯನ್ನು ನಡೆಸಿದೆ. ನಕ್ಷತ್ರದ ಅಳತೆಯನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹಳೆಯ ಚೀಟಿಯ ಐದು ನಕ್ಷತ್ರ ಹೊಸ ಚೀಟಿಯ ಐದಕ್ಕೆ ಸಮನಲ್ಲ. ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಎಂಬ ಅಂಕಿ ಅಲ್ಲಿಯೇ ಇರುತ್ತದೆ; ಹೋಲಿಸಬೇಕಾದುದು ಅದನ್ನು.

ಬಟ್ಟೆ ಒಗೆಯುವ ಯಂತ್ರವನ್ನು ಆರಿಸುವುದು ಕಠಿಣ, ಏಕೆಂದರೆ ಅದನ್ನು ನಿರ್ಧರಿಸಬೇಕಾದುದು ಅಂಗಡಿಯಲ್ಲ, ಮನೆಯ ನೀರು. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಸುಣ್ಣ, ಮೆಗ್ನೀಸಿಯಂ ಲವಣಗಳಿಂದಾಗಿ ಸಾಬೂನು ನೊರೆ ಬಿಡದೆ ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಆಸರೆಯಿಲ್ಲದಾಗ 600ರವರೆಗೆ ಸಹಿಸಬಹುದೆಂದಿದೆ. ನೀರು ಕಾಯಿಸುವ ಮುಂಬಾಗಿಲಿನ ಯಂತ್ರದಲ್ಲಿ ಇಂತಹ ನೀರು ಸುರಿದರೆ ಒಳಗಿನ ಹೀಟರಿಗೆ ಸುಣ್ಣದ ಕಟ್ಟು ಕಟ್ಟುತ್ತದೆ. ಮುಂಬಾಗಿಲಿನ ಯಂತ್ರಕ್ಕೆ ನೀರು ಕಡಿಮೆ ಸಾಕೆಂಬುದು ನಿಜ. ಬಟ್ಟೆಯೂ ಸವೆಯುವುದು ಕಡಿಮೆ. ಆದರೆ ನಳದಲ್ಲಿ ತಕ್ಕ ಒತ್ತಡ ಬೇಕು, ನೊರೆ ಕಡಿಮೆಯಿರುವ ಪುಡಿ ಬೇಕು, ನಡುವೆ ವಿದ್ಯುತ್ತು ಹೋಗಬಾರದು. ನೀರು ದಿನ ಬಿಟ್ಟು ದಿನ ಬರುವ ಓಣಿಯಲ್ಲಿ ಕೊಡದಿಂದಲೂ ನೀರು ತುಂಬಬಹುದಾದ ಎರಡು ತೊಟ್ಟಿಯ ಸಾದಾ ಯಂತ್ರವೇ ವಾಸಿ. ಒಮ್ಮೆ ಜಾಲಿಸಿದ ನೀರನ್ನು ಹಿತ್ತಲಿಗೆ ಬಳಸುವುದಕ್ಕೂ ಅದರಲ್ಲಿ ಅವಕಾಶವಿದೆ.

ಆ ಮನೆಯ ಹಿರಿಯ ತಾಯಿ ಸೊಂಟ ಹಿಡಿದುಕೊಂಡೇ ಎದ್ದು ಬಂದು ಹೇಳಿದ ಮಾತು ನಮ್ಮ ಕಿವಿಯಲ್ಲಿದೆ: "ಕಲ್ಲ ಮ್ಯಾಲ ಬಗ್ಗಿ ಬಗ್ಗಿ ನಂದು ಹಿಂಗಾತ್ರಿ. ಈ ಹುಡುಗಿಗೆ ಹಂಗ ಆಗೋದು ಬ್ಯಾಡ. ಬ್ಯಾರೆ ಏನ ಬಿಟ್ಟರೂ ಒಗೆಯೋ ಮಷಿನ್ ಬಿಡಬ್ಯಾಡ್ರಿ." ಹಿತ್ತಲಿನ ಒಗೆಯುವ ಕಲ್ಲನ್ನು ಮಾತ್ರ ಕೀಳಿಸಬಾರದೆಂದೂ ಸೇರಿಸಿದರು. ಅದೂ ಸರಿಯಾದ ಮಾತೇ. ನೆಂದ ಕೌದಿಯ ಭಾರವನ್ನು ಏಳು ಕಿಲೋದ ಯಂತ್ರ ತಾಳದು. ಇಳಕಲ್ ಸೀರೆಯ ಸೆರಗನ್ನು ಅದರಲ್ಲಿ ಹಾಕಿದವರು ಅದನ್ನು ಮತ್ತೆ ಉಡುವ ಆಸೆ ಬಿಡಬೇಕು. ಇನ್ನು ಯಂತ್ರದ ಗುಂಡಿ ಒತ್ತಲು ಗಂಡಸರಿಗೆ ಅಡ್ಡಿಯೇನೆಂಬುದು ನಮಗೆ ತಿಳಿಯದು. ಮಠದ ವಿದ್ಯಾರ್ಥಿಗಳಾಗಿದ್ದಾಗ ನಾವೆಲ್ಲ ನಮ್ಮ ಪಂಚೆಯನ್ನು ನಾವೇ ಒಗೆದುಕೊಂಡವರು, ಸರದಿಯ ಮೇಲೆ ಮುದ್ದೆ ತಿರುವಿದವರು.

ಪಟ್ಟಿಯ ಕೊನೆಯಲ್ಲಿ ಫ್ರಿಜ್, ವಾಷಿಂಗ್ ಮಷಿನ್ ಎರಡರ ಮುಂದೆ ಬೆಲೆ ಬರೆದಿರಲಿಲ್ಲ. ಕಾರಣ ಕೇಳಿದಾಗ ಹಿರಿಯ ಮಗ ಸ್ವಲ್ಪ ತಡೆದು, "ಅವು ತಮ್ಮನ ಲಗ್ನದಾಗ ಬರತಾವ್ರಿ" ಎಂದಿದ್ದನು. ಕನ್ಯೆ ಗೊತ್ತಾಗಿತ್ತು, ಬೀಗರು ಒಕ್ಕಲುತನದವರು. ಬಾಯಿಬಿಟ್ಟು ಕೇಳಿರಲಿಲ್ಲ, ಹೊಸ ಮನೆಯನ್ನು ತೋರಿಸುವ ನೆಪದಲ್ಲಿ ಆ ಎರಡು ಖಾಲಿ ಜಾಗಗಳನ್ನು ತೋರಿಸಿದ್ದರು. ಹೀಗೆ ಕೇಳದೆ ಕೇಳುವ ಜಾಣತನ ನಮ್ಮ ಸಮಾಜದ ಮನೆಮನೆಯಲ್ಲಿ ಬೆಳೆದಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಮನೆ ಎಂದಿದೆ. ಕಾಯಿದೆಯ ಮಾತು ಹಾಗಿರಲಿ, ಅನ್ಯರ ಹೊಲ ಒತ್ತೆಯಿಟ್ಟು ತಂದ ಯಂತ್ರದಲ್ಲಿ ತಣ್ಣಗಾದ ಹಾಲನ್ನು ಲಿಂಗಕ್ಕೆ ಅರ್ಪಿಸುವುದು ಹೇಗೆಂದು ನಾವು ಆ ತಂದೆಯನ್ನೇ ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಪಟ್ಟಿಯನ್ನು ತಾವೇ ಇಸಿದುಕೊಂಡು ಆ ಎರಡರ ಮುಂದೆಯೂ ಬೆಲೆ ಬರೆದರು, ಓವನ್ನನ್ನು ಹೊಡೆದುಹಾಕಿದರು.

ಲಗ್ನವಾಯಿತು. ಬೀಗರ ಕಡೆಯಿಂದ ಬಂದುದು ಮಗಳು ಮತ್ತು ಅವಳ ಒಂದು ಪೆಟ್ಟಿಗೆ ಬಟ್ಟೆ. ಎರಡು ತೊಟ್ಟಿಯ ಯಂತ್ರ ಶ್ರಾವಣಕ್ಕೆ ಮುಂಚೆ ಮನೆಗೆ ಬಂದಿತು. ಅಣ್ಣತಮ್ಮಂದಿರು ಕಂತಿಲ್ಲದೆ ಕೈಯಾರೆ ಹಣ ಕೊಟ್ಟು ತಂದರು. ಫ್ರಿಜ್ಜಿನ ಜಾಗ ಇನ್ನೂ ಖಾಲಿಯಿದೆ. ಮೊನ್ನೆ ಹೋದಾಗ ಅಲ್ಲಿ ಜೋಳದ ಚೀಲವೊಂದು ನಿಂತಿತ್ತು.